ಎರಡು ರಿಂಗಿನ ಮೊಟ್ಟೆ

ಕುಲಶೇಖರದಲ್ಲಿ ನಮ್ಮ ಪಕ್ಕದ ಮನೆಯ ಗೆರ್ಟ್ರೂಡ್ ಮೊಂತೇರೊ ಗಂಡನಿಗೆ ತಿನ್ನಬಾರದ್ದನ್ನು ತಿನ್ನಿಸಿ ಕೊಂದಳು ಎಂದು ನಂಬಿದವರು ಓಣಿಯಲ್ಲಿ ಇನ್ನೂ ಇದ್ದಾರೆ. ಅವಳು ಅದನ್ನು ಯಾರೆದುರೂ ಅಲ್ಲಗಳೆದಿಲ್ಲ. ನಿಜ ತಿಳಿದರೆ ನೋಯುವ ಮನುಷ್ಯನೊಬ್ಬ ಬದುಕಿದ್ದಷ್ಟು ಕಾಲ ಇದನ್ನು ಬರೆಯುವ ಹಾಗಿರಲಿಲ್ಲ. ಈಗ ಅವನಿಲ್ಲ. ಬರೆಯಲೇ ಎಂದು ಅವಳನ್ನೇ ಕೇಳಿದೆ. "ಬರೆಯಿರಿ ಮೇಡಂ, ಆದ್ರೆ ನನ್ನನ್ನು ಸಂತಳ ಹಾಗೆ ಆಲ್ತಾರಿನ ಮೇಲೆ ಕೂರಿಸ್ಬೇಡಿ" ಎಂದಳು. ಹಾಗೆ ಕೂರಿಸುವುದು ನನ್ನ ಸ್ವಭಾವವೂ ಅಲ್ಲ.

ಗೆರ್ಟ್ರೂಡ್ ಹೊಲಿಗೆಯವಳು. ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗುವ ಹುಡುಗಿಯರ ಬಿಳಿ ಫ್ರಾಕು, ಕಾನ್ವೆಂಟಿನ ಸಿಸ್ಟರುಗಳ ನಿಲುವಂಗಿ, ಮದುಮಗಳ ಗೌನು, ಇವು ಅವಳ ಕೆಲಸ. ಮಾತು ಕಡಿಮೆ, ಅಳತೆ ಜಾಸ್ತಿ. ಅವಳ ಗಂಡ ವಾಲ್ಟರ್ ಮಸ್ಕತ್ತಿನ ಒಂದು ದೊಡ್ಡ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ವಿಭಾಗದಲ್ಲಿದ್ದ. ಅತಿಥಿಗಳು ತಟ್ಟೆ ಹಿಡಿದು ಎದುರಿಗೆ ಸಾಲಾಗಿ ನಿಲ್ಲುತ್ತಿದ್ದರಂತೆ. ಅವನು ಒಂದೇ ಕೈಯಲ್ಲಿ ಮೊಟ್ಟೆ ಒಡೆದು, ಅವರವರಿಗೆ ಬೇಕಾದಂತೆ ಬೇಯಿಸಿ ಕೊಡುತ್ತಿದ್ದ. ಅರ್ಧ ಆಯುಷ್ಯವೇ ಅಲ್ಲಿ ಕಳೆಯಿತು. ಮಕ್ಕಳಾಗಲಿಲ್ಲ. ಕೆಲಸ ಬಿಟ್ಟು ಊರಿಗೆ ಬಂದಾಗ ಉಳಿದವರಂತೆ ಟಿ.ವಿ., ಕಂಬಳಿ ತಂದದ್ದಲ್ಲದೆ ಅಡುಗೆಮನೆಯ ಒಂದಷ್ಟು ಸಾಮಾನನ್ನೂ ತಂದಿದ್ದ. ಎಗ್ ರಿಂಗುಗಳು ಅದರಲ್ಲಿದ್ದವು. ತಳವಿಲ್ಲದ, ಮುಚ್ಚಳವಿಲ್ಲದ ಸ್ಟೀಲಿನ ಬಳೆಗಳು. ಎತ್ತಿ ಹಿಡಿಯಲು ಪಕ್ಕದಲ್ಲಿ ಒಂದು ಚಿಕ್ಕ ಕಡ್ಡಿ. ಕಾವಲಿಯ ಮೇಲೆ ಇಟ್ಟು ಒಳಗೆ ಮೊಟ್ಟೆ ಒಡೆದರೆ ಅದು ಹರಡದೆ ದುಂಡಗೆ ಬೇಯುತ್ತದೆ. ಅಷ್ಟೇ ಅದರ ಉಪಯೋಗ.

ಗೆರ್ಟ್ರೂಡಳಿಗೆ ಅದು ನಗೆಪಾಟಲಿನ ವಸ್ತುವಾಗಿತ್ತು. ಹೊಟ್ಟೆಗೆ ಹೋಗುವ ಮೊಟ್ಟೆ ದುಂಡಗಿದ್ದರೆಷ್ಟು, ಇಂಡಿಯಾದ ನಕ್ಷೆಯಂತಿದ್ದರೆಷ್ಟು ಎಂದು ಕೇಳುತ್ತಿದ್ದಳು. ಆದರೆ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅಡುಗೆಮನೆ ವಾಲ್ಟರನದ್ದು. ರಿಂಗಿನಲ್ಲಿ ನಡುವೆ ಹಳದಿ ಒಡೆಯದೆ ನಿಲ್ಲುವ ಬುಲ್ಸೈ ಮಾಡುತ್ತಿದ್ದ, ಉಳಿದ ದೋಸೆ ಹಿಟ್ಟಿಗೆ ಈರುಳ್ಳಿ, ಹಸಿಮೆಣಸು ಸೇರಿಸಿ ಅದೇ ರಿಂಗಿನಲ್ಲಿ ದಪ್ಪ ದಪ್ಪ ಪೊಳೆ ಹೊಯ್ಯುತ್ತಿದ್ದ, ಕಳಿತ ಬಾಳೆಹಣ್ಣನ್ನು ಮೈದಾಕ್ಕೆ ಕಿವುಚಿ ಅಂಗೈಯಷ್ಟು ಅಗಲದ ಸಿಹಿ ರೊಟ್ಟಿ ಮಾಡುತ್ತಿದ್ದ. ನಮ್ಮ ಮನೆಗೂ ಒಂದು ತಟ್ಟೆ ಬರುತ್ತಿತ್ತು. ಎಲ್ಲವೂ ಒಂದೇ ಅಳತೆ. ಅವನು ತಿನ್ನುವ ಕ್ರಮವೂ ಒಂದೇ. ಬ್ರೆಡ್ಡಿನ ಮೂಲೆಯಿಂದ ಹಳದಿಯನ್ನು ಚುಚ್ಚಿ, ಅದು ಹರಿದು ಬರುವುದನ್ನು ನೋಡಿ, ಒರೆಸಿಕೊಂಡು ತಿನ್ನುವುದು.

ಊರಿಗೆ ಬಂದು ಕೆಲವು ವರ್ಷಗಳಲ್ಲಿ ಅವನ ಮೂತ್ರಪಿಂಡಗಳು ಕೆಟ್ಟವು. ಸಕ್ಕರೆ ಕಾಯಿಲೆ ಮೊದಲೇ ಇತ್ತು, ಯಾರಿಗೂ ಹೇಳದೆ ಮಾತ್ರೆ ತಪ್ಪಿಸುವ ಚಾಳಿಯೂ ಇತ್ತು. ಹೃದಯ ದುರ್ಬಲವಾಗಿದ್ದುದರಿಂದ ಬೇರೆ ಕಿಡ್ನಿ ಹಾಕುವ ಮಾತಿರಲಿಲ್ಲ. ಮಂಗಳವಾರ, ಗುರುವಾರ, ಶನಿವಾರ ಫಳ್ನೀರಿನ ಒಂದು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಕರೆದುಕೊಂಡು ಹೋಗಿ ತರುವವನು ಹ್ಯೂಬರ್ಟ್.

ಹ್ಯೂಬರ್ಟ್ ಗೆರ್ಟ್ರೂಡಳ ತಮ್ಮ. ಅವಳಿಗಿಂತ ತುಂಬ ಚಿಕ್ಕವನು. ತಾಯಿ ಬೇಗ ಸತ್ತಿದ್ದರಿಂದ ಅವಳೇ ಸಾಕಿದ್ದು. ಮದುವೆಯಾಗಲಿಲ್ಲ. ವಾಮಂಜೂರಿನ ತಾಯಿಮನೆಯಲ್ಲಿ ಒಬ್ಬನೇ ಇದ್ದು ರಿಕ್ಷಾ ಓಡಿಸುತ್ತಿದ್ದ, ಊಟಕ್ಕೆ ಅಕ್ಕನ ಮನೆಗೆ ಬರುತ್ತಿದ್ದ. ಭಾವನನ್ನು ಕಂಡರೆ ಅವನಿಗೆ ವಿಪರೀತ ಪ್ರೀತಿ. ಹರೆಯದಲ್ಲಿ ಕುಡಿತಕ್ಕೆ ಬಿದ್ದಿದ್ದವನನ್ನು ವಾಲ್ಟರ್ ಮಸ್ಕತ್ತಿಗೆ ಕರೆಸಿ, ಜೊತೆಗಿಟ್ಟುಕೊಂಡು, ಮನುಷ್ಯನನ್ನಾಗಿ ಮಾಡಿ ಕಳಿಸಿದ್ದ. ಡಯಾಲಿಸಿಸ್ ದಿನ ಹ್ಯೂಬರ್ಟ್ ಬೇರೆ ಬಾಡಿಗೆ ಹಿಡಿಯುತ್ತಿರಲಿಲ್ಲ. ಆಸ್ಪತ್ರೆಯ ಹೊರಗೆ ರಿಕ್ಷಾದಲ್ಲೇ ಕಾಯುತ್ತಿದ್ದ. ಆ ವಾಸನೆ ತನಗೆ ಆಗುವುದಿಲ್ಲ ಎನ್ನುತ್ತಿದ್ದ. ಹೆದರುತ್ತಿದ್ದ ಎನ್ನುವುದು ಸರಿ.

ಆಹಾರದ ವಿಷಯ ಹೇಳಿಕೊಟ್ಟದ್ದು ಒಳಗೆ, ಗಂಡ ಹೆಂಡತಿ ಇಬ್ಬರಿಗೆ. ನೀರು ಕಡಿಮೆ, ಉಪ್ಪು ಕಡಿಮೆ. ಮೊಟ್ಟೆಯ ಬಿಳಿ ಬೇಕೇ ಬೇಕು, ಹಳದಿ ಬೇಡ. ಬಾಳೆಹಣ್ಣು, ತೆಂಗಿನಕಾಯಿ, ನಮ್ಮ ಕಡೆ ಬೊಂಡ ಎನ್ನುವ ಎಳನೀರು ಮುಟ್ಟಬಾರದು. ಗೆರ್ಟ್ರೂಡ್ ಬಂದು ಇದೆಲ್ಲ ಯಾಕೆ ಎಂದು ಕೇಳಿದಳು. ನಾನು ರಸಾಯನಶಾಸ್ತ್ರ ಕಲಿಸಿದವಳು, ಹೇಳಿದೆ. ಹಳದಿಯಲ್ಲಿ ರಂಜಕ ಹೆಚ್ಚು, ಉಳಿದ ಮೂರರಲ್ಲಿ ಪೊಟ್ಯಾಸಿಯಂ ಹೆಚ್ಚು. ನಮ್ಮ ಮೂತ್ರಪಿಂಡ ಅದನ್ನು ಹೊರಗೆ ಹಾಕುತ್ತದೆ, ವಾಲ್ಟರನದ್ದು ಹಾಕುವುದಿಲ್ಲ. ರಕ್ತದಲ್ಲಿ ಅದು ಏರಿದರೆ ಹೃದಯ ಬಡಿಯುವುದನ್ನು ನಿಲ್ಲಿಸುತ್ತದೆ, ಎಚ್ಚರಿಕೆ ಕೊಟ್ಟು ನಿಲ್ಲಿಸುವುದಿಲ್ಲ. ಅವಳು ಕೇಳಿಕೊಂಡು ಹೋಗಿ ಅಂದೇ ಸಾರಿಗೆ ತೆಂಗಿನಕಾಯಿ ಅರೆಯುವುದನ್ನು ಬಿಟ್ಟಳು. ಹ್ಯೂಬರ್ಟನಿಗೆ ಏನೂ ಹೇಳಲಿಲ್ಲ. ಯಾವ ಪದಾರ್ಥಕ್ಕೆ ಏನು ಹಾಕುವುದು, ಏನು ಬಿಡುವುದು ಎನ್ನುವುದನ್ನು ಗಂಡಸರಿಗೆ ಹೇಳುವ ವಾಡಿಕೆ ನಮ್ಮ ಕಡೆಯ ಅಡುಗೆಮನೆಗಳಲ್ಲಿಲ್ಲ. ಬಡಿಸಿದ್ದನ್ನು ಅವರು ತಿನ್ನುತ್ತಾರೆ. ನೀರಿನ ಲೆಕ್ಕ ಮಾತ್ರ ಅವನಿಗೆ ಗೊತ್ತಿತ್ತು, ಯಾಕೆಂದರೆ ರಿಕ್ಷಾದಲ್ಲಿ ಬಾಟಲಿ ಇಡುತ್ತಿದ್ದವನು ಅವನು.

ಕಷ್ಟ ಬಂದದ್ದು ವಾಲ್ಟರ್ ಊಟ ಬಿಟ್ಟಾಗ. ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ ಎನ್ನುತ್ತಿದ್ದ. ಬೇಯಿಸಿದ ಮೊಟ್ಟೆಯ ಬಿಳಿಯನ್ನು ಹೋಳು ಮಾಡಿ ಕೊಟ್ಟರೆ ಇದು ರಬ್ಬರು, ಮಸ್ಕತ್ತಿನಲ್ಲಿ ಇದನ್ನು ಬೆಕ್ಕಿಗೆ ಹಾಕುತ್ತಿದ್ದೆವು ಎಂದು ತಟ್ಟೆ ತಳ್ಳುತ್ತಿದ್ದ. ತೋಳಿನ ಮಾಂಸ ಇಳಿಯಿತು. ರಕ್ತದಲ್ಲಿ ಪ್ರೋಟೀನು ಹೀಗೇ ಇಳಿದರೆ ಡಯಾಲಿಸಿಸನ್ನು ದೇಹ ತಾಳುವುದಿಲ್ಲ, ಏನಾದರೂ ಮಾಡಿ ತಿನ್ನಿಸಿ ಎಂದು ವೈದ್ಯರು ಅವಳಿಗೆ ನೇರವಾಗಿ ಹೇಳಿದರು. ತಿಂದರೆ ಇರುತ್ತಾನೆ, ತಿನ್ನದಿದ್ದರೆ ಇಲ್ಲ.

ಆಗ ಅವಳು, ಕಾಯಿಲೆ ಬಂದ ಮೇಲೆ ಅಟ್ಟ ಸೇರಿದ್ದ ಆ ರಿಂಗುಗಳನ್ನು ಇಳಿಸಿದಳು.

ಮೊದಲ ದಿನಗಳಲ್ಲಿ ಆಗಲಿಲ್ಲ. ಅವಳ ದೋಸೆ ಕಾವಲಿ ಅತ್ತೆಯ ಕಾಲದ್ದು, ನಡುವೆ ತಗ್ಗು. ರಿಂಗಿನ ಅಡಿಯಿಂದ ಬಿಳಿ ಸೋರಿ ಕಾವಲಿ ತುಂಬ ಹರಿಯುತ್ತಿತ್ತು. ಬಿಜೈಗೆ ಹೋಗಿ ಸಪಾಟಾದ ತವಾ ತಂದಳು. ಆದರೂ ಸೋರಿತು. ಹೊಲಿಗೆಯವಳ ಬುದ್ಧಿ, ಮೊದಲು ಅಂಚು ಕಟ್ಟಬೇಕು ಎಂದು ಹೊಳೆಯಿತು. ರಿಂಗಿನ ಒಳಮೈಗೆ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ತವಾದೊಡನೆ ಅದನ್ನೂ ಕಾಯಿಸಿ, ಮೊದಲು ಒಂದು ಚಮಚ ಬಿಳಿ ಮಾತ್ರ ಸುತ್ತ ಬಿಟ್ಟು, ಅದು ಗಟ್ಟಿಯಾಗುವವರೆಗೆ ರಿಂಗನ್ನು ಅದುಮಿ ಹಿಡಿಯುವುದು. ಅದೇ ಬೇಲಿ. ಆಮೇಲೆ ಉಳಿದದ್ದನ್ನು ಹೊಯ್ದರೆ ಹನಿಯೂ ಹೊರಗೆ ಬರುವುದಿಲ್ಲ. ಪಕ್ಕದಲ್ಲಿ ನಾಲ್ಕು ಹನಿ ನೀರು ಚಿಮುಕಿಸಿ ಮುಚ್ಚಿದರೆ ಮೇಲ್ಭಾಗ ಹಬೆಯಲ್ಲಿ ಬೇಯುತ್ತದೆ, ರಬ್ಬರಾಗುವುದಿಲ್ಲ.

ದುಂಡಗಿನ, ಮೆತ್ತಗಿನ ಬಿಳಿ ಬಂತು. ವಾಲ್ಟರ್ ಅದನ್ನು ನೋಡಿ ಪೂಜೆಯಲ್ಲಿ ಕೊಡುವ ಓಸ್ತಿಯ ಹಾಗುಂಟು, ತಿನ್ನುವ ಮೊದಲು ಪಾಪನಿವೇದನೆ ಮಾಡಬೇಕಾ ಎಂದನಂತೆ. ತಿನ್ನಲಿಲ್ಲ.

ಆಗ ಅವಳಿಗೆ ಎರಡನೆಯ ರಿಂಗು ಹೊಳೆದದ್ದು. ಕ್ರಿಸ್‌ಮಸ್ಸಿನ ಕುಸ್ವಾರ್ ತಿಂಡಿಗಳಿಗೆ ಬಿಸ್ಕತ್ತು ಕತ್ತರಿಸುವ ಸ್ಟೀಲಿನ ಚಿಕ್ಕ ಅಚ್ಚೊಂದು ಇತ್ತು. ದೊಡ್ಡ ರಿಂಗಿನ ನಡುವೆ ಅದನ್ನಿಟ್ಟು, ಎರಡರ ಮಧ್ಯದ ಜಾಗಕ್ಕೆ ಮಾತ್ರ ಬಿಳಿ ಹೊಯ್ದಳು. ಅದು ಬಿಗಿದ ಮೇಲೆ ಅಚ್ಚನ್ನು ತಿರುವಿ ಎತ್ತಿದರೆ ನಡುವೆ ಒಂದು ಗುಂಡಿ. ಬೇರೆ ಬಟ್ಟಲಿನಲ್ಲಿ ಒಂದಿಷ್ಟು ಬಿಳಿಗೆ ಚಿಟಿಕೆ ಅರಸಿನ ಸೇರಿಸಿ, ನೊರೆ ಏಳದಂತೆ ಕದಡಿ, ಆ ಗುಂಡಿಗೆ ಇಳಿಸಿ ಮುಚ್ಚಿದಳು. ತೆಗೆದಾಗ ಅದು ಬುಲ್ಸೈ. ಹಳದಿ ಸ್ವಲ್ಪ ಉಬ್ಬಿಯೂ ಇತ್ತು. ನನಗೆ ತೋರಿಸಲು ಗೋಡೆಯಾಚೆಯಿಂದ ಕರೆದಳು. ನಾನು ಹೋಗಿ ನೋಡಿದೆ. ಮೋಸ ಹೋಗುವಂತಿತ್ತು, ಆದರೆ ಜೀವಮಾನವಿಡೀ ಮೊಟ್ಟೆ ಬೇಯಿಸಿದವನು ಮೋಸ ಹೋಗುವುದು ಸಾಧ್ಯವಿರಲಿಲ್ಲ.

ವಾಲ್ಟರ್ ಬ್ರೆಡ್ಡಿನ ಮೂಲೆಯಿಂದ ಚುಚ್ಚಿದ. ಏನೂ ಹರಿಯಲಿಲ್ಲ. ಅವರ ಮನೆಮಾತು ಕೊಂಕಣಿ, ನಾನಿದ್ದುದರಿಂದ ಕನ್ನಡದಲ್ಲೇ ಹೇಳಿದ.

"ಗೆರ್ಟಿ, ಇದು ಓಡುವುದಿಲ್ಲ."

"ಎಲ್ಲಿಗೆ ಓಡ್ಬೇಕು? ನೀನೂ ಓಡುವುದಿಲ್ಲ, ಅದೂ ಓಡುವುದಿಲ್ಲ. ಇಬ್ಬರೂ ಕೂತ್ಕೊಂಡಿರಿ."

ಅವನು ನಕ್ಕ, ಕೆಮ್ಮಿದ, ತಿಂದ. ಪೂರ್ತಿ ತಿಂದ. ತಿನ್ನುತ್ತ ಅಂಚು ಒಂದು ಕಡೆ ದಪ್ಪವಾಗಿದೆ, ಉರಿ ಸಮನಾಗಿಲ್ಲ, ತನ್ನ ಕೈಕೆಳಗಿದ್ದಿದ್ದರೆ ಇವಳನ್ನು ಪಾತ್ರೆ ತೊಳೆಯಲು ಹಾಕುತ್ತಿದ್ದೆ ಎಂದ.

ಅಂದಿನಿಂದ ಅದು ಅವರ ದಿನಚರಿಯಾಯಿತು. ಪ್ರತಿದಿನ ಬೆಳಿಗ್ಗೆ ಅವಳು ಎರಡು ರಿಂಗಿನ ಮೊಟ್ಟೆ ಮಾಡುತ್ತಿದ್ದಳು, ಅವನು ಅದನ್ನು ಪರೀಕ್ಷಿಸಿ ತಪ್ಪು ಹುಡುಕುತ್ತಿದ್ದ. ಅರಸಿನ ಹೆಚ್ಚಾಯಿತು ಎಂದರೆ ಮರುದಿನ ಕಡಿಮೆ. ನಡುವಿನದು ಸರಿಯಾಗಿ ನಡುವಿಗಿಲ್ಲ ಎಂದರೆ ಅವಳು ದಾರ ಹಿಡಿದು ಅಳೆಯುತ್ತಿದ್ದಳು. ಮಧ್ಯಾಹ್ನಕ್ಕೆ ಅಕ್ಕಿ ಹಿಟ್ಟಿಗೆ ಬಿಳಿ ಬೆರೆಸಿ ರಿಂಗಿನಲ್ಲಿ ಪೊಳೆ. ತಪ್ಪು ಹೇಳಬೇಕಾದರೆ ತಿನ್ನಬೇಕು, ತಿನ್ನದವನ ಮಾತನ್ನು ತಾನು ಕೇಳುವುದಿಲ್ಲ ಎಂದು ಅವಳು ಷರತ್ತು ಹಾಕಿದ್ದಳು. ಮುಂದಿನ ರಕ್ತಪರೀಕ್ಷೆಯಲ್ಲಿ ಪ್ರೋಟೀನು ಏರಿತ್ತು. ಅವನು ಮನೆಯೊಳಗೆ ನಡೆಯತೊಡಗಿದ. ಇಗರ್ಜಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬಂದ. ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ಆ ವರ್ಷವನ್ನು ಅವನಿಗೆ ಕೊಟ್ಟದ್ದು ಆ ಮೊಟ್ಟೆ. ಇದು ನನ್ನ ಭಾವನೆಯಲ್ಲ, ಪರೀಕ್ಷೆಯ ವರದಿಗಳಲ್ಲಿ ಇದ್ದದ್ದು.

ಪಾಸ್ಕ ಹಬ್ಬ, ಅಂದರೆ ಈಸ್ಟರ್, ಕಳೆದು ಸೆಕೆ ಏರಿತ್ತು. ಅದೊಂದು ಭಾನುವಾರ ಇಗರ್ಜಿಯಲ್ಲಿ ಮಕ್ಕಳ ಪರಮಪ್ರಸಾದ. ಗೆರ್ಟ್ರೂಡ್ ಹೊಲಿದ ಫ್ರಾಕುಗಳೇ ಹೆಚ್ಚು. ಕೊನೆಯ ಗಳಿಗೆಯಲ್ಲಿ ಯಾರದಾದರೂ ಸೊಂಟ ಬಿಗಿಯಾಗುತ್ತದೆ, ಗುಂಡಿ ಕಿತ್ತುಬರುತ್ತದೆ, ಅವಳು ಸೂಜಿ ಹಿಡಿದು ಅಲ್ಲಿರಬೇಕು. ವಾಲ್ಟರನಿಗೆ ಮೊಟ್ಟೆ ಮಾಡಿ ಕೊಟ್ಟು, ಹ್ಯೂಬರ್ಟನನ್ನು ಅವನ ಬಳಿ ಕೂರಿಸಿ ಹೋದಳು. ಶನಿವಾರದ ಡಯಾಲಿಸಿಸಿನಿಂದ ಮಂಗಳವಾರದವರೆಗಿನ ಅಂತರ ಉದ್ದ. ಆ ಸಲ ಶನಿವಾರದ ಡಯಾಲಿಸಿಸಿನಿಂದಲೂ ವಾಲ್ಟರ್ ವಾಂತಿಯಾಗಿ ಅರ್ಧದಲ್ಲೇ ಎದ್ದುಬಂದಿದ್ದ.

ಹ್ಯೂಬರ್ಟ್ ಬರುವಾಗ ತಾಯಿಮನೆಯ ಮರದಿಂದ ಕೆಂದಾಳಿ ಬೊಂಡದ ಗೊನೆ ಇಳಿಸಿ ತಂದಿದ್ದ. ನಮ್ಮ ಊರಿನಲ್ಲಿ ರೋಗಿಯನ್ನು ನೋಡಲು ಹೋಗುವವರ ಕೈಯಲ್ಲಿ ಬೊಂಡ ಇಲ್ಲದಿದ್ದರೆ ಅದು ಹೋದಂತೆಯೇ ಅಲ್ಲ. ಜ್ವರಕ್ಕೆ ಬೊಂಡ, ಬಾಣಂತಿಗೆ ಬೊಂಡ, ಸಾಯುವವನ ಬಾಯಿಗೂ ಬೊಂಡ. ಅದನ್ನು ಯಾರೂ ನೀರೆಂದು ಎಣಿಸುವುದಿಲ್ಲ. ವಾಲ್ಟರ್ ಬಾಯಿ ಒಣಗುತ್ತದೆ ಎಂದಾಗ ಹ್ಯೂಬರ್ಟ್ ನೀರು ಕೊಡಲಿಲ್ಲ, ಅಕ್ಕ ಬೈಯುತ್ತಾಳೆ ಎಂದ. ಬೊಂಡ ಕೆತ್ತಿ ಕೊಟ್ಟ. ವಾಲ್ಟರ್ ಕುಡಿದ. ಇನ್ನೊಂದು ಕೇಳಿದ. ಅದನ್ನೂ ಕುಡಿದು, ಒಳಗಿನ ಗಂಜಿಯನ್ನು ಕೆರೆದು ಕೊಡಲು ಹೇಳಿ ತಿಂದ.

ಅವಳು ಮರಳಿದಾಗ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಚಿಪ್ಪುಗಳು ಬಿದ್ದಿದ್ದವು. ಒಳಗೆ ವಾಲ್ಟರ್ ಕಾಲಿನಲ್ಲಿ ಬಲವಿಲ್ಲ ಎನ್ನುತ್ತಿದ್ದ. ಹ್ಯೂಬರ್ಟ್ ಅವನನ್ನು ಎತ್ತಿ ರಿಕ್ಷಾಕ್ಕೆ ಹಾಕಿದ. ಗೆರ್ಟ್ರೂಡಳ ಜೊತೆ ನಾನೂ ಹತ್ತಿಕೊಂಡೆ. ಆಸ್ಪತ್ರೆಯಲ್ಲಿ ಯಂತ್ರ ಜೋಡಿಸುವ ಮೊದಲೇ ವಾಲ್ಟರನ ಹೃದಯ ನಿಂತಿತು. ಅವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಏನು ತಿಂದಿದ್ದರು ಎಂದು ವೈದ್ಯರು ಕೇಳಿದಾಗ ಅವಳು ಬೊಂಡ ಎಂದಳು. ಬೊಂಡ ಇವರಿಗೆ ವಿಷ ಅಂತ ಹೇಳಿದ್ದೆನಲ್ಲ ಎಂದು ಅವರು ಬೇಸರದಿಂದ ಹೇಳಿದರು. ಹೇಳಿದ್ದಿರಿ ಎಂದಳು. ಹ್ಯೂಬರ್ಟ್ ಆಗ ಹೊರಗೆ ರಿಕ್ಷಾದಲ್ಲಿದ್ದ. ನಾನು ಬಾಯಿ ತೆರೆಯುವ ಮೊದಲು ಅವಳು ನನ್ನ ಮೊಣಕೈ ಹಿಡಿದಳು.

"ಅವನಿಗೆ ಗೊತ್ತಾಗ್ಬಾರ್ದು ಮೇಡಂ. ಗೊತ್ತಾದ್ರೆ ಅವನು ಉಳಿಯುವುದಿಲ್ಲ. ಮತ್ತೆ ಬಾಟ್ಲಿ ಹಿಡಿತಾನೆ, ಇಲ್ಲದಿದ್ರೆ ಹಗ್ಗ."

ವಾಲ್ಟರನಿಗೆ ಗೊತ್ತಿತ್ತಲ್ಲ, ಅವನ ಎದುರಲ್ಲೇ ಹೇಳಿದ್ದರಲ್ಲ ಎಂದು ನಾನು ಆಮೇಲೊಂದು ದಿನ ಕೇಳಿದೆ. ಗೊತ್ತಿತ್ತು ಎಂದಳು. ಮರೆತಿದ್ದನೋ, ಬಾಯಾರಿಕೆ ತಡೆಯಲಿಲ್ಲವೋ, ಸಾಕಾಗಿತ್ತೋ, ಅದನ್ನು ಯೋಚಿಸುವುದಿಲ್ಲ ಎಂದಳು. ಯೋಚಿಸುತ್ತಿದ್ದಳು. ಅವಳ ಹೊಲಿಗೆ ಕೆಟ್ಟದ್ದನ್ನು ನಾನು ಕಂಡದ್ದು ಆ ತಿಂಗಳುಗಳಲ್ಲಿ ಮಾತ್ರ.

ಹ್ಯೂಬರ್ಟನಿಗೆ ಒಂದು ಕಾರಣ ಬೇಕಿತ್ತು. ದುಃಖಕ್ಕೆ ಕಾರಣ ಸಿಗದಿದ್ದರೆ ಮನುಷ್ಯರು ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಕಿಡ್ನಿ ರೋಗಿಗೆ ದಿನಾ ಮೊಟ್ಟೆ ಕೊಡುವುದುಂಟಾ ಎಂದು ಮಣ್ಣಿಗೆ ಬಂದ ನೆಂಟರೊಬ್ಬರು ಹೇಳಿದ್ದು ಅವನ ಕಿವಿಗೆ ಬಿತ್ತು. ಅವನಿಗೆ ಅದು ಸಾಕಾಯಿತು. ತಿಂಗಳ ಪೂಜೆಯ ಊಟದ ದಿನ ಎಲ್ಲರ ಎದುರು ಅಕ್ಕನನ್ನು ಕೇಳಿದ. ನಿನ್ನ ರಿಂಗು, ನಿನ್ನ ಸರ್ಕಸ್ಸು, ಬಣ್ಣ ಹಾಕಿ ತಿನ್ನಿಸಿದಿಯಲ್ಲ ಎಂದ. ಅವಳು ತಲೆ ಎತ್ತದೆ ಬಡಿಸುತ್ತಿದ್ದಳು. ಮೊಟ್ಟೆಯಿಂದ ಅಲ್ಲ ಎಂದು ನಾನು ಹೇಳಿದೆ. ಮತ್ತೆ ಎಂತದ್ದರಿಂದ ಎಂದು ಅವನು ನನ್ನತ್ತ ತಿರುಗಿದ. ಗೆರ್ಟ್ರೂಡ್ ನನ್ನನ್ನು ನೋಡಿದಳು. ದುರ್ಬಲ ಹೃದಯ, ನಿಂತಿತು ಎಂದೆ. ಅದು ಸುಳ್ಳಲ್ಲ. ಅವನಿಗೆ ಸಮಾಧಾನವೂ ಆಗಲಿಲ್ಲ. ಆದರೂ ಸಂಜೆ ಊಟಕ್ಕೆ ಬರುತ್ತಿದ್ದ. ಮುಖ ಗಂಟಿಕ್ಕಿಕೊಂಡೇ ತಿಂದು ಹೋಗುತ್ತಿದ್ದ. ಅಷ್ಟಾದರೂ ಬರುತ್ತಾನಲ್ಲ ಎಂದು ಅವಳು ಹೇಳುತ್ತಿದ್ದಳು.

ಮಳೆಗಾಲ ಮುಗಿಯುತ್ತಿದ್ದಂತೆ ಅವನು ಮತ್ತೆ ಫಳ್ನೀರಿಗೆ ಬಾಡಿಗೆ ಹಿಡಿದ. ಬಿಜೈಯ ರಿಝ್ವಾನಾ ಎಂಬ ಹುಡುಗಿ, ಬ್ಯಾಂಕಿನ ಕೆಲಸದವಳು, ತಂದೆಯನ್ನು ಡಯಾಲಿಸಿಸಿಗೆ ಕರೆದೊಯ್ಯಲು ನಂಬಿಕೆಯ ರಿಕ್ಷಾದವನನ್ನು ಹುಡುಕುತ್ತಿದ್ದಳು. ಹ್ಯೂಬರ್ಟ್ ಒಪ್ಪಿಕೊಂಡ. ಭಾವನಿಗೆ ಮಾಡಿದ ಹಾಗೆ ಮಾಡ್ತೇನೆ ಎಂದು ನನ್ನ ಹತ್ತಿರವೂ ಹೇಳಿದ. ಮುಂದಿನ ವಾರ ಅವನ ರಿಕ್ಷಾದ ಹಿಂದಿನ ಸೀಟಿನ ಕೆಳಗೆ ಬೊಂಡ ಕಂಡೆ. ಯಾರಿಗೆ ಎಂದು ಕೇಳಿದೆ. ರಿಝ್ವಾನಾಳ ಅಪ್ಪ, ಆ ಬ್ಯಾರಿ ಅಜ್ಜನಿಗೆ, ಪಾಪ, ಗಂಟಲು ಒಣಗ್ತದೆ ಅಂತಾರೆ ಎಂದ. ಆ ಬೊಂಡಗಳನ್ನು ನಾನೇ ಇಳಿಸಿಕೊಂಡೆ, ನನಗೆ ಬೇಕೆಂದು. ನೇರವಾಗಿ ಗೆರ್ಟ್ರೂಡಳ ಮನೆಗೆ ಹೋಗಿ, ಇಂದು ಸಂಜೆಯೊಳಗೆ ನೀನು ಹೇಳದಿದ್ದರೆ ನಾನು ಹೇಳುತ್ತೇನೆ ಎಂದೆ. ಅವಳು ಒಪ್ಪಿದಳು. ಹೇಳುವಾಗ ನೀವು ಎದುರಿಗಿರಬೇಕು ಎಂದಳು.

ಅವನು ಊಟಕ್ಕೆ ಬಂದ. ಅವಳು ಬಡಿಸಲಿಲ್ಲ. ಎದುರು ಕುರ್ಚಿಯಲ್ಲಿ ಕೂತಳು.

"ಹ್ಯೂಬಿ, ಮೊಟ್ಟೆಯಿಂದ ಅಲ್ಲ. ಬೊಂಡದಿಂದ. ಕಿಡ್ನಿ ಹೋದವರಿಗೆ ಬೊಂಡ ವಿಷ. ಡಾಕ್ಟರು ಮೊದ್ಲೇ ಹೇಳಿದ್ರು."

ಕೊಟ್ಟದ್ದು ತಾನು ಎನ್ನಲು ಅವನ ಬಾಯಿ ತೆರೆದಿತ್ತು. ಅವಳು ಬಿಡಲಿಲ್ಲ.

"ನೀನು ಕೊಟ್ಟದ್ದಲ್ಲ. ಶನಿವಾರ ರಾತ್ರಿ ನಾನು ಕೊಟ್ಟಿದ್ದೆ. ತುಂಬ ಕೊಟ್ಟಿದ್ದೆ, ಬೇಕು ಬೇಕು ಅಂದ್ರು, ನನಗೆ ತಡೆಯಲಿಕ್ಕೆ ಆಗ್ಲಿಲ್ಲ. ಬೆಳಿಗ್ಗೆಗೇ ಕಾಲಿನ ಬಲ ಹೋಗಿತ್ತು. ನೀನು ಕೊಟ್ಟದ್ದು ಎಂತದೂ ಅಲ್ಲ, ಆಗ್ಲೇ ಮುಗಿದಿತ್ತು."

"ಗೊತ್ತಿದ್ದೂ ಕೊಟ್ಟೆಯಾ?"

"ಗೊತ್ತಿದ್ದೇ."

ಅವನು ನನ್ನ ಕಡೆ ನೋಡಿದ. ಕಲಿತವಳು, ಸುಳ್ಳು ಹೇಳದವಳು ಎಂದು ಓಣಿಯಲ್ಲಿ ನನಗೆ ಹೆಸರಿತ್ತು. ನಾನು ಸುಮ್ಮನಿದ್ದೆ. ಅದನ್ನು ಅವನು ಹೌದು ಎಂದು ತೆಗೆದುಕೊಂಡ. ಎದ್ದು, ಕುರ್ಚಿಯನ್ನು ಮೇಜಿನ ಕೆಳಗೆ ನೀಟಾಗಿ ತಳ್ಳಿ, ಹೊರಟುಹೋದ. ಮತ್ತೆ ಆ ಮನೆಗೆ ಬರಲಿಲ್ಲ. ಕ್ರಿಸ್‌ಮಸ್ಸಿಗೆ ಅವಳು ಕಳಿಸಿದ ಕುಸ್ವಾರ್ ತಟ್ಟೆ ಮುಚ್ಚಿದಂತೆಯೇ ವಾಪಸ್ಸು ಬಂತು. ಇಗರ್ಜಿಯಲ್ಲಿ ಅವಳು ಕೂತ ಬದಿಯಲ್ಲಿ ಕೂರುತ್ತಿರಲಿಲ್ಲ. ಕುಡಿಯಲಿಲ್ಲ. ಅದನ್ನು ಅವಳು ಬೇರೆಯವರಿಂದ ವಿಚಾರಿಸಿ ತಿಳಿದುಕೊಳ್ಳುತ್ತಿದ್ದಳು.

ಕಳೆದ ವರ್ಷ ಹ್ಯೂಬರ್ಟ್ ತೀರಿಕೊಂಡ. ಡೆಂಗ್ಯೂ, ತಡವಾಗಿ ಆಸ್ಪತ್ರೆಗೆ ಹೋದ. ಜ್ವರ ಬಂದ ಸುದ್ದಿ ಕೇಳಿ ಅವಳು ವಾಮಂಜೂರಿಗೆ ಹೋದಾಗ ಅವನು ಬಾಗಿಲು ತೆರೆದಿರಲಿಲ್ಲ. ಮಣ್ಣಿನ ದಿನ ಮನೆಯ ಜಗಲಿಯಲ್ಲಿ, ಹೆಂಗಸರ ನಡುವೆ, ನಾನೂ ಅವಳೂ ಕೂತಿದ್ದೆವು. ರಿಝ್ವಾನಾ ಬಂದಿದ್ದಳು. ಅವಳಿಗೆ ನಮ್ಮ ಪರಿಚಯವಿರಲಿಲ್ಲ. ಪಕ್ಕದಲ್ಲಿ ಕೂತ ವಯಸ್ಸಾದ ಹೆಂಗಸು ಎಂದು ಗೆರ್ಟ್ರೂಡಳ ಹತ್ತಿರ ಮಾತಾಡಿದಳು. ಹ್ಯೂಬರ್ಟಣ್ಣ ಇಲ್ಲದಿದ್ದರೆ ತನ್ನ ತಂದೆ ಎಂದೋ ಹೋಗುತ್ತಿದ್ದರು ಎಂದಳು. ನೆಂಟರು ಬೊಂಡ ತಂದರೆ ಅಣ್ಣ ಗೇಟಿನಲ್ಲೇ ನಿಂತು ಜಗಳ ಮಾಡಿ ವಾಪಸ್ಸು ಕಳಿಸುತ್ತಿದ್ದನಂತೆ. ಡಯಾಲಿಸಿಸಿಗೆ ಬರುವ ಯಾವ ಹೊಸ ರೋಗಿಯನ್ನು ಕಂಡರೂ ಇಳಿದು ಹೋಗಿ ಹೇಳುತ್ತಿದ್ದನಂತೆ.

"ಅವರ ಅಕ್ಕ ಗಂಡನಿಗೆ ಬೊಂಡ ಕೊಟ್ಟು ಕೊಂದ್ಳಂತೆ" ಎಂದಳು ಆ ಹುಡುಗಿ, ತಗ್ಗಿದ ದನಿಯಲ್ಲಿ. "ಎಲ್ಲರಿಗೂ ಅದೇ ಹೇಳ್ತಿದ್ರು."

ಗೆರ್ಟ್ರೂಡ್ ಕೈಯಲ್ಲಿದ್ದ ತೆರ್ಸದ ಜಪಮಾಲೆಯ ಮಣಿಯನ್ನು ಮುಂದೆ ಸರಿಸಿದಳು.

"ತಂದೆ ಈಗ ಹೇಗಿದ್ದಾರೆ?" ಎಂದು ಕೇಳಿದಳು.

ಪರವಾಗಿಲ್ಲ, ನಡೆಯುತ್ತಾರೆ, ಆದರೆ ಊಟ ಸೇರುವುದಿಲ್ಲ ಎಂದಳು ಹುಡುಗಿ. ಮೊಟ್ಟೆಯ ಬಿಳಿಯನ್ನು ಕಂಡರೆ ತಟ್ಟೆ ತಳ್ಳುತ್ತಾರೆ ಎಂದಳು.

ಹೊರಗೆ ಪಾದ್ರಿಗಳು ಬಂದ ಸದ್ದಾಯಿತು. ಎಲ್ಲರೂ ಎದ್ದರು. ಗೆರ್ಟ್ರೂಡ್ ಏಳುತ್ತ ಆ ಹುಡುಗಿಯ ಭುಜ ಹಿಡಿದು, ನಿಮ್ಮ ಮನೆಯಲ್ಲಿ ತವಾ ಸಪಾಟಾಗಿ ಉಂಟಾ, ಇಲ್ಲ ನಡುವೆ ತಗ್ಗಾ ಎಂದು ಕೇಳಿದಳು.